ಪತ್ತಾ ಸಿಕ್ಕರೆ ಪತ್ತೆಯಾಯಿತೇ? ನ್ಯಾಯಾಲಯದಲ್ಲಿ ಐಪಿ ವಿಳಾಸದ ಸಾಕ್ಷ್ಯಬಲ

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿ, ಅಕ್ಕಲಕೋಟೆ ಮತ್ತು ಅವುಗಳ ಸುತ್ತಲಿನ ಊರುಗಳಲ್ಲಿ ಮನೆಯ ವಿಳಾಸವನ್ನು ಕೇಳುವಾಗ ‘ಪತ್ತಾ’ ಎಂಬ ಮಾತು ಕನ್ನಡದೊಳಗೂ ಸಹಜವಾಗಿ ಬರುತ್ತದೆ. ಮರಾಠಿಯಲ್ಲಿ ಈ ಪದಕ್ಕೆ ಎರಡು ಮುಖಗಳಿವೆ. ವಾಸಸ್ಥಳದ ಗುರುತು ಒಂದು ಮುಖವಾದರೆ, ‘ಪತ್ತಾ ಲಾಗಣೆ’ ಎಂಬ ನುಡಿಗಟ್ಟಿನಲ್ಲಿ ಕಾಣುವ ಸುಳಿವು ಇನ್ನೊಂದು ಮುಖ. ಕನ್ನಡದ ‘ಪತ್ತೆ’ ಎಂಬ ಮಾತಿನಲ್ಲಿಯೂ ಇದೇ ಜೋಡಿ ಅರ್ಥವಿದೆ. ಪತ್ತೆದಾರ, ಪತ್ತೆಹಚ್ಚು, ಪತ್ತೆಯಿಲ್ಲ ಎಂಬ ಬಳಕೆಗಳಲ್ಲಿ ಹುಡುಕಿ ಕಂಡುಕೊಂಡ ಅರ್ಥವೇ ಮುಂದಾಗಿ ನಿಲ್ಲುತ್ತದೆ. ಹೀಗಾಗಿ ‘ಪತ್ತಾ ಸಿಕ್ಕಿತು’ ಎಂದೊಡನೆ ‘ವ್ಯಕ್ತಿ ಸಿಕ್ಕ’ ಎಂಬ ಭಾವನೆ ಎರಡೂ ಭಾಷೆಗಳ ಒಳಗಿನಿಂದಲೇ ಹುಟ್ಟುತ್ತದೆ.

ಮನೆಯ ವಿಳಾಸದ ಮಟ್ಟಿಗೆ ಈ ಭಾವನೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಅಂತರ್ಜಾಲದ ‘ಐಪಿ ವಿಳಾಸ’ ಪೊಲೀಸ್ ಠಾಣೆಯ ಕಾಗದದ ಮೂಲಕ ನ್ಯಾಯಾಲಯವನ್ನು ಪ್ರವೇಶಿಸುವಾಗ ಅದೇ ಭಾವನೆ ಒಬ್ಬ ನಿರಪರಾಧಿಯ ಸ್ವಾತಂತ್ರ್ಯವನ್ನು ಕಸಿಯಬಲ್ಲದು. ಇದು ಬರಿಯ ಊಹೆಯಲ್ಲ. ಕರ್ನಾಟಕದ ನೌಕರನೊಬ್ಬ ಮಹಾರಾಷ್ಟ್ರದ ಸೆರೆಮನೆಯಲ್ಲಿ ಐವತ್ತು ದಿನ ಕಳೆದ ಪ್ರಕರಣವೇ ಇದಕ್ಕೆ ನಿದರ್ಶನವಾಗಿದೆ.

ಒಂದೂಕಾಲು ಗಂಟೆಯ ಪ್ರಕರಣ

2007ರಲ್ಲಿ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಛತ್ರಪತಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವೊಂದು ಪ್ರಕಟವಾಯಿತು. ದೂರಿನ ಮೇರೆಗೆ ತನಿಖೆ ಕೈಗೊಂಡ ಪುಣೆ ಪೊಲೀಸರು ಆ ತಾಣದ ಒಡೆತನ ಹೊಂದಿದ್ದ ಗೂಗಲ್ ಸಂಸ್ಥೆಯಿಂದ ಚಿತ್ರವನ್ನು ಏರಿಸಿದ ಸಂಪರ್ಕದ ಐಪಿ ವಿಳಾಸವನ್ನು ಪಡೆದರು. ಆ ವಿಳಾಸ ಏರ್‌ಟೆಲ್ ಸಂಸ್ಥೆಗೆ ಸೇರಿದ್ದರಿಂದ, ಅದನ್ನು ಬಳಸುತ್ತಿದ್ದ ಗ್ರಾಹಕ ಯಾರೆಂಬ ಪ್ರಶ್ನೆ ಆ ಸಂಸ್ಥೆಗೆ ಹೋಯಿತು. ಉತ್ತರದಲ್ಲಿ ಬಂದ ಹೆಸರು ಬೆಂಗಳೂರಿನ ತಂತ್ರಾಂಶ ನೌಕರರೊಬ್ಬರದು. 2007ರ ಆಗಸ್ಟ್ 31ರಂದು ಅವರ ಬಂಧನವಾಯಿತು. ಅವರನ್ನು ಪುಣೆಗೆ ಒಯ್ದು ಸೆರೆಯಲ್ಲಿಡಲಾಯಿತು. ಐವತ್ತು ದಿನಗಳ ತರುವಾಯ ಅವರು ಹೊರಬಂದರು. ಒದಗಿಸಲಾದ ಮಾಹಿತಿಯೇ ತಪ್ಪಾಗಿತ್ತು, ಅವರಿಗೂ ಆ ಚಿತ್ರಕ್ಕೂ ಸಂಬಂಧವಿರಲಿಲ್ಲ ಎಂಬುದು ಅಷ್ಟರಲ್ಲಿ ತಿಳಿದುಬಂದಿತ್ತು.

ತಪ್ಪಿನ ಮೂಲವಾಗಿ ವರದಿಯಾದ ಸಂಗತಿ ಅತ್ಯಂತ ಚಿಕ್ಕದು. ಚಿತ್ರ ಏರಿಸಿದ ಸಮಯ ಒಂದೂಕಾಲು ಗಂಟೆ ಎಂದಿತ್ತು. ಅದು ನಡುರಾತ್ರಿಯ ನಂತರದ ಒಂದೂಕಾಲೋ ಮಧ್ಯಾಹ್ನದ ಒಂದೂಕಾಲೋ ಎಂಬುದು ಸೇವಾ ಸಂಸ್ಥೆಗೆ ಹೋದ ಕೋರಿಕೆಯಲ್ಲಿ ಸರಿಯಾಗಿ ಸ್ಪಷ್ಟವಾಗಿರಲಿಲ್ಲ. ಅದೇ ಸಂಖ್ಯೆ ಹಗಲು ಒಬ್ಬರ ಬಳಿ, ರಾತ್ರಿ ಮತ್ತೊಬ್ಬರ ಬಳಿ ಇರಬಹುದಾದ್ದರಿಂದ ಹನ್ನೆರಡು ಗಂಟೆಗಳ ಅಂತರದಲ್ಲಿ ಆರೋಪಿಯೇ ಬದಲಾದನು. ಮುಂದೆ ರಾಜ್ಯ ಮಾನವ ಹಕ್ಕುಗಳ ಆಯೋಗವು ಸೇವಾ ಸಂಸ್ಥೆಯು ಅವರಿಗೆ ಎರಡು ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು.

ಈ ಪ್ರಕರಣದಲ್ಲಿ ಯಾರೂ ಸುಳ್ಳು ದಾಖಲೆ ಸೃಷ್ಟಿಸಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ ಎಂಬುದು ಗಮನಾರ್ಹ. ಒಂದು ಸಂಖ್ಯೆ, ಒಂದು ಸಮಯ, ಒಂದು ಹೆಸರು ಈ ಮೂರನ್ನು ಜೋಡಿಸುವ ಕೊಂಡಿಯಲ್ಲಿ ದೋಷವಿತ್ತು. ಐಪಿ ವಿಳಾಸದ ಸಾಕ್ಷ್ಯಬಲವನ್ನು ಕುರಿತ ವಿಚಾರವೆಲ್ಲವೂ ಆ ಕೊಂಡಿಗಳ ವಿಚಾರವೇ ಆಗಿದೆ.

ಸಂಖ್ಯೆಯ ಸ್ವರೂಪ

ಅಂತರ್ಜಾಲದಲ್ಲಿ ಮಾಹಿತಿ ಚಿಕ್ಕ ಚಿಕ್ಕ ತುಣುಕುಗಳಾಗಿ ಸಾಗುತ್ತದೆ. ಪ್ರತಿಯೊಂದು ತುಣುಕಿನ ಮೇಲೂ ಅದು ಹೊರಟ ಮತ್ತು ತಲುಪಬೇಕಾದ ಸಂಪರ್ಕಬಿಂದುಗಳ ಸಂಖ್ಯೆಗಳಿರುತ್ತವೆ. ಆ ಸಂಖ್ಯೆಯೇ ಐಪಿ ವಿಳಾಸ. ಅದು ಉತ್ತರವನ್ನು ಯಾವ ದಾರಿಯಲ್ಲಿ ಹಿಂದಿರುಗಿಸಬೇಕೆಂಬುದನ್ನು ತಿಳಿಸಲು ರೂಪುಗೊಂಡಿದೆ. ಯಾರು ಮಾತನಾಡಿದರೆಂಬುದನ್ನು ತಿಳಿಸಲು ರೂಪುಗೊಂಡುದಲ್ಲ.

ಸಂಖ್ಯೆಗಳ ಹಂಚಿಕೆಗೆ ಕ್ರಮಬದ್ಧವಾದ ವ್ಯವಸ್ಥೆಯಿದೆ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದಲ್ಲಿ ಎಪಿನಿಕ್, ಅದರಡಿ ಭಾರತದಲ್ಲಿ ಐಆರ್‌ಐಎನ್‌ಎನ್ ಎಂಬ ನೋಂದಣಿ ಸಂಸ್ಥೆಗಳು ಸಂಖ್ಯೆಗಳ ಗುಚ್ಛಗಳನ್ನು ಸೇವಾ ಸಂಸ್ಥೆಗಳಿಗೆ ನೀಡುತ್ತವೆ. ಯಾವ ಗುಚ್ಛ ಯಾವ ಸಂಸ್ಥೆಗೆ ಸೇರಿದ್ದೆಂಬುದು ಬಹಿರಂಗ ದಾಖಲೆ. ಇಲ್ಲಿಯವರೆಗಿನ ಕೊಂಡಿ ಬಹುಮಟ್ಟಿಗೆ ಗಟ್ಟಿಯಾಗಿದೆ. ಸಂಸ್ಥೆಯಿಂದ ಗ್ರಾಹಕನ ಕಡೆಗೆ ಹೋಗುವ ಕೊಂಡಿಯೇ ಸೂಕ್ಷ್ಮವಾದುದು. ಸಾಮಾನ್ಯ ಗೃಹಬಳಕೆಯ ಸಂಪರ್ಕಕ್ಕೆ ಹೆಚ್ಚಾಗಿ ಶಾಶ್ವತ ಸಂಖ್ಯೆ ಇರುವುದಿಲ್ಲ. ಸಂಪರ್ಕ ಆರಂಭವಾದಾಗ ಖಾಲಿಯಿರುವ ಒಂದು ಸಂಖ್ಯೆ ದೊರೆಯುತ್ತದೆ. ಅದು ಮುಗಿದಾಗ ಅಥವಾ ಅವಧಿ ತೀರಿದಾಗ ಸಂಖ್ಯೆ ಮರಳಿ ಸಂಸ್ಥೆಯ ಬೊಕ್ಕಸ ಸೇರಿ ಬೇರೊಬ್ಬರಿಗೆ ಸಲ್ಲುತ್ತದೆ. ಇದು ಗೋಡೆಗೆ ಬಡಿದ ಮನೆಸಂಖ್ಯೆಗಿಂತ ಬಸ್ಸಿನ ಆಸನಸಂಖ್ಯೆಯನ್ನು ಹೆಚ್ಚು ಹೋಲುತ್ತದೆ. ಹದಿನೇಳನೆಯ ಆಸನದಲ್ಲಿ ಕುಳಿತವರಾರು ಎಂಬ ಪ್ರಶ್ನೆಗೆ ಯಾವ ಬಸ್ಸು, ಯಾವ ದಿನ, ಯಾವ ನಿಲ್ದಾಣಗಳ ನಡುವೆ ಎಂದು ಹೇಳದ ಹೊರತು ಉತ್ತರವಿಲ್ಲ.

ಕಾಲದ ಕೊಂಡಿ

ಆದುದರಿಂದ ಸಮಯವಿಲ್ಲದ ಐಪಿ ವಿಳಾಸಕ್ಕೆ ಸಾಕ್ಷ್ಯವಾಗಿ ಬೆಲೆ ತೀರಾ ಕಡಿಮೆ. ಸಮಯದ ವಿಷಯದಲ್ಲಿ ಮೂರು ಬಗೆಯ ತೊಡಕುಗಳು ಕಾಣುತ್ತವೆ.

ಮೊದಲನೆಯದು ಕಾಲವಲಯದ ವ್ಯತ್ಯಾಸ. ವಿದೇಶದ ಸಂಸ್ಥೆಗಳು ಸಾಮಾನ್ಯವಾಗಿ ದಾಖಲೆಯನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಇಡುತ್ತವೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಯುಟಿಸಿ ಪ್ರಕಾರ 10ನೆಯ ತಾರೀಖಿನ 19:45 ಎಂದು ದಾಖಲಾದದ್ದು ಇಲ್ಲಿ 11ನೆಯ ತಾರೀಖಿನ ನಸುಕಿನ 1:15 ಆಗುತ್ತದೆ. ಅದೇ ದಿನದ 07:45 ಇಲ್ಲಿ 10ರ ಮಧ್ಯಾಹ್ನದ 1:15. ಪರಿವರ್ತನೆಯಲ್ಲಿ ಸ್ವಲ್ಪ ಎಡವಿದರೂ ಗಂಟೆಯೊಂದಿಗೆ ತಾರೀಖೂ ಬದಲಾಗುತ್ತದೆ.

ಎರಡನೆಯದು ಗಡಿಯಾರಗಳ ಹೊಂದಾಣಿಕೆ. ಜಾಲತಾಣದ ಗಡಿಯಾರವೂ ಸೇವಾ ಸಂಸ್ಥೆಯ ಗಡಿಯಾರವೂ ಪರಸ್ಪರ ಕೂಡದಿದ್ದರೆ ಎರಡು ಸತ್ಯವಾದ ದಾಖಲೆಗಳು ಕೂಡಿ ಒಂದು ಸುಳ್ಳನ್ನು ಹೇಳಬಲ್ಲವು. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸೇವಾ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತಪ್ರಯೋಗಾಲಯದ ಕಾಲದೊಂದಿಗೆ ಹೊಂದಿಸಬೇಕೆಂದೂ, ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕೆಂದೂ ವಿಧಿಸಿರುವುದು ಈ ಕಾರಣದಿಂದಲೇ ಮಹತ್ವದ್ದು.

ಮೂರನೆಯದು ಜನರ ಕಾಲಗಣನೆ. ಹುಲಜಂತಿಯಲ್ಲಿ ದೀಪಾವಳಿಯ ಅಮಾವಾಸ್ಯೆಗೆ ಮಹಾಲಿಂಗರಾಯನ ಜಾತ್ರೆ ನಡೆಯುತ್ತದೆ. ‘ಅಮಾವಾಸ್ಯೆ ರಾತ್ರಿ ಒಂದೂಕಾಲಿಗೆ ನಾವೆಲ್ಲ ಗುಡಿಯ ಹತ್ತಿರವೇ ಇದ್ದೆವು’ ಎಂದು ಅಲ್ಲಿಯವನೊಬ್ಬ ಸಾಕ್ಷಿ ನುಡಿದರೆ, ಅವನ ಲೆಕ್ಕದಲ್ಲಿ ಸೂರ್ಯೋದಯದವರೆಗೂ ಅದು ಹಿಂದಿನ ದಿನವೇ. ಯಂತ್ರದ ಲೆಕ್ಕದಲ್ಲಿ ಹನ್ನೆರಡು ಹೊಡೆದಾಗಲೇ ತಾರೀಖು ಮುಂದೆ ಹೋಗಿರುತ್ತದೆ. ಈ ಭೇದವನ್ನು ಬಿಡಿಸಿ ಕೇಳದೆ ಹೇಳಿಕೆಯನ್ನು ಬರೆದುಕೊಂಡಲ್ಲಿ ಸಾಕ್ಷಿಯ ಸತ್ಯವಾದ ಮಾತು ದಾಖಲೆಗೆ ವಿರುದ್ಧವಾಗಿ ಕಾಣುತ್ತದೆ.

ಒಂದು ಸಂಖ್ಯೆ, ಹಲವರ ಪಾಲು

ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸ 32 ಬಿಟ್‌ಗಳದ್ದು. ಅದರಲ್ಲಿ ಸಾಧ್ಯವಿರುವ ಒಟ್ಟು ಸಂಖ್ಯೆಗಳು ಸುಮಾರು 429 ಕೋಟಿ. 1981ರಲ್ಲಿ ಈ ಕ್ರಮ ಪ್ರಕಟವಾದಾಗ ವಿಪುಲವೆನಿಸಿದ್ದ ಈ ಮೊತ್ತ ಪ್ರತಿಯೊಂದು ಕೈಯಲ್ಲೂ ಮೊಬೈಲ್ ಬಂದ ಕಾಲಕ್ಕೆ ಸಾಲದಾಯಿತು. ಕೊರತೆಯನ್ನು ನೀಗಿಸಲು ಸೇವಾ ಸಂಸ್ಥೆಗಳು ಒಂದೇ ಸಾರ್ವಜನಿಕ ಸಂಖ್ಯೆಯನ್ನು ಏಕಕಾಲಕ್ಕೆ ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆಯನ್ನು ಅಳವಡಿಸಿಕೊಂಡವು. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ.

ಇಲ್ಲಿ ಗ್ರಾಹಕರನ್ನು ಬೇರ್ಪಡಿಸುವುದು ಐಪಿ ವಿಳಾಸವಲ್ಲ, ಅದರ ಜೊತೆಗಿರುವ ಪೋರ್ಟ್ ಸಂಖ್ಯೆ. ಒಂದು ವಿಳಾಸಕ್ಕೆ ಸುಮಾರು 65 ಸಾವಿರ ಪೋರ್ಟ್‌ಗಳಿರುತ್ತವೆ. ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಸಾವಿರ ಪೋರ್ಟ್ ಮೀಸಲಿಟ್ಟರೆ ಅರವತ್ತಕ್ಕೂ ಮಿಕ್ಕ ಮನೆಗಳು ಅದೇ ಕ್ಷಣ, ಅದೇ ವಿಳಾಸದಿಂದ ಜಗತ್ತಿಗೆ ಕಾಣಿಸಿಕೊಳ್ಳುತ್ತವೆ. ಹಳೆಯ ವಾಡೆಯೊಂದರ ಹೆಬ್ಬಾಗಿಲು ಒಂದೇ, ಒಳಗೆ ಒಲೆಗಳು ಹಲವು ಎಂಬಂತೆ ಇದು. ಹೆಬ್ಬಾಗಿಲಿನಿಂದ ಯಾರೋ ಹೊರಬಂದರು ಎಂದಷ್ಟೇ ಗೊತ್ತಿದ್ದರೆ ಯಾವ ಒಲೆಯವರೆಂದು ಹೇಳಲಾಗದು.

ಈ ಕಾರಣದಿಂದ ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಮಂಡಳಿಯ ಆಶ್ರಯದಲ್ಲಿ 2011ರ ಜೂನ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 6302 ಎಂಬ ಶಿಫಾರಸು, ಜಾಲತಾಣಗಳು ಐಪಿ ವಿಳಾಸದೊಂದಿಗೆ ಮೂಲ ಪೋರ್ಟ್ ಸಂಖ್ಯೆಯನ್ನೂ ಸೆಕೆಂಡಿನ ನಿಖರತೆಯ ಸಮಯವನ್ನೂ ದಾಖಲಿಸಬೇಕೆಂದು ಸೂಚಿಸಿತು. ಆದರೆ ಹಲವು ತಾಣಗಳ ರೂಢಿಯ ದಾಖಲೆಯಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲ. ತಾಣದ ಕಡೆ ಪೋರ್ಟ್ ದಾಖಲಾಗಿರದಿದ್ದರೆ ಸೇವಾ ಸಂಸ್ಥೆ ಎಷ್ಟೇ ಶ್ರದ್ಧೆಯಿಂದ ಲೆಕ್ಕವಿಟ್ಟಿದ್ದರೂ ಅದು ಕೊಡಬಹುದಾದುದು ಒಂದು ಹೆಸರನ್ನಲ್ಲ, ಹೆಸರುಗಳ ಪಟ್ಟಿಯನ್ನು. ಅಂಥ ಪಟ್ಟಿಯಿಂದ ಒಂದು ಹೆಸರನ್ನು ಆಯ್ದು ನ್ಯಾಯಾಲಯದ ಮುಂದಿಟ್ಟಾಗ ಆ ಆಯ್ಕೆಯ ಕಾರಣವನ್ನು ತನಿಖೆ ಬೇರೆ ಸಾಕ್ಷ್ಯದಿಂದ ತೋರಿಸಬೇಕಾಗುತ್ತದೆ.

128 ಬಿಟ್‌ಗಳ ಆರನೆಯ ಆವೃತ್ತಿಯ ವಿಳಾಸಗಳಲ್ಲಿ ಈ ಕೊರತೆಯಿಲ್ಲ. ಆದರೂ ಅಲ್ಲಿ ಸಾಧನಗಳು ಖಾಸಗಿತನದ ರಕ್ಷಣೆಗಾಗಿ ತಮ್ಮ ಸಂಖ್ಯೆಯ ಕೊನೆಯ ಭಾಗವನ್ನು ಆಗಾಗ ಬದಲಿಸುತ್ತಿರುತ್ತವೆ. ಹಾಗಾಗಿ ಸಂಪರ್ಕವನ್ನು ಗುರುತಿಸುವುದು ಸುಲಭವಾದರೂ ಅದರೊಳಗಿನ ಸಾಧನವನ್ನು ಗುರುತಿಸುವುದು ಸುಲಭವಾಗಿಲ್ಲ.

ಸ್ಥಳದ ಭ್ರಮೆ

ಐಪಿ ವಿಳಾಸವನ್ನು ನಕಾಶೆಯ ಮೇಲಿನ ಬಿಂದುವಾಗಿ ತೋರಿಸುವ ದತ್ತಕೋಶಗಳಿವೆ. ಇವು ನೋಂದಣಿ ದಾಖಲೆ ಮತ್ತು ಇತರ ಸುಳಿವುಗಳಿಂದ ಕಟ್ಟಿದ ಅಂದಾಜುಗಳೇ ಹೊರತು ಅಳತೆಗಳಲ್ಲ. ಅಮೆರಿಕದ ಕನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಸಣ್ಣ ಊರಿನ ಬಳಿಯ ತೋಟದ ಮನೆಯೊಂದರ ಅನುಭವ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಮೆರಿಕದೊಳಗೆ ಎಲ್ಲಿಯದೆಂದು ಗೊತ್ತಾಗದ ಸಂಖ್ಯೆಗಳಿಗೆಲ್ಲ ದತ್ತಕೋಶದ ಸಂಸ್ಥೆ ದೇಶದ ನಡುಮಧ್ಯದ ಒಂದು ಬಿಂದುವನ್ನು ನಮೂದಿಸಿತ್ತು. ಆ ಬಿಂದು ಈ ತೋಟದ ಮನೆಯ ಅಂಗಳದಲ್ಲಿತ್ತು. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಮನೆಗೆ ಬೆರಳು ಮಾಡಿದವು. ಕಳುವಾದ ಸಾಧನ, ಕಾಣೆಯಾದ ವ್ಯಕ್ತಿ, ವಂಚನೆ ಎಂದು ವರ್ಷಗಟ್ಟಲೆ ಪೊಲೀಸರೂ ಕೋಪಗೊಂಡ ಜನರೂ ಅಲ್ಲಿಗೆ ಬಂದರು. 2016ರಲ್ಲಿ ಪತ್ರಿಕಾ ವರದಿಯಿಂದ ಕಾರಣ ಬಯಲಾದ ಮೇಲೆ ಸಂಸ್ಥೆ ಆ ಬಿಂದುವನ್ನು ಕೆರೆಯೊಂದರ ನಡುವಿಗೆ ಸರಿಸಿತು.

ಗಡಿಭಾಗದಲ್ಲಿ ಈ ಭ್ರಮೆಗೆ ಇನ್ನೊಂದು ಆಯಾಮವಿದೆ. ಮೊಬೈಲ್ ಸಂಪರ್ಕ ಹೊರಜಗತ್ತನ್ನು ಸೇರುವುದು ಊರಿನ ಗೋಪುರದಲ್ಲಲ್ಲ, ಸಂಸ್ಥೆಯ ದೂರದ ನಗರದ ಕೇಂದ್ರದಲ್ಲಿ. ಜೊತೆಗೆ ಮಹಾರಾಷ್ಟ್ರ ಮತ್ತು ಕರ್ನಾಟಕ ಬೇರೆ ಬೇರೆ ದೂರಸಂಪರ್ಕ ವೃತ್ತಗಳು. ಗಡಿಯ ಕುಟುಂಬಗಳಲ್ಲಿ ಎರಡೂ ವೃತ್ತಗಳ ಸಿಮ್‌ಗಳಿರುವುದು ಅಸಹಜವಲ್ಲ. ಇಂಥಲ್ಲಿ ಐಪಿ ವಿಳಾಸದ ಆಧಾರದಿಂದ ‘ಸಂದೇಶ ಕರ್ನಾಟಕದಿಂದ ಬಂತು’ ಅಥವಾ ‘ಮಹಾರಾಷ್ಟ್ರದಿಂದ ಬಂತು’ ಎಂದು ಹೇಳುವುದು ದುಡುಕಿನ ತೀರ್ಮಾನವಾದೀತು. ಭಾಷೆ ಮತ್ತು ಗಡಿಯ ವಿಷಯದಲ್ಲಿ ಮನಸ್ಸುಗಳು ಬೇಗ ಕಾವೇರುವ ಪ್ರದೇಶದಲ್ಲಿ ಈ ಎಚ್ಚರ ಹೆಚ್ಚು ಅಗತ್ಯ.

ಹೆಸರಿನಿಂದ ಕೈಗೆ

ಸಮಯ, ಪೋರ್ಟ್, ದಾಖಲೆ ಎಲ್ಲವೂ ಸರಿಯಾಗಿವೆ ಎಂದಿಟ್ಟುಕೊಂಡರೂ ದೊರೆಯುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬ ಸಂಗತಿ ಮಾತ್ರ. ತಂದೆಯ ಹೆಸರಿನ ಸಿಮ್ ಮಗನ ಕೈಯಲ್ಲಿ, ಅಂಗಡಿಯ ವೈಫೈ ಗಿರಾಕಿಗಳ ಕೈಯಲ್ಲಿ, ವಸತಿಗೃಹದ ಸಂಪರ್ಕ ನೂರಾರು ವಿದ್ಯಾರ್ಥಿಗಳ ಕೈಯಲ್ಲಿ ಇರುವುದು ದಿನನಿತ್ಯದ ನೋಟ. ಸಾಧನಕ್ಕೆ ಕುತಂತ್ರಾಂಶ ತಗುಲಿದ್ದರೆ ಒಡೆಯನಿಗೆ ಅರಿವಿಲ್ಲದೆಯೇ ಅನ್ಯರು ಅವನ ಸಂಪರ್ಕವನ್ನು ಬಳಸಬಹುದು. ವಿಪಿಎನ್ ಬಳಸಿದವನ ನಿಜವಾದ ಸಂಖ್ಯೆಯಂತೂ ಜಾಲತಾಣಕ್ಕೆ ಕಾಣುವುದೇ ಇಲ್ಲ.

ಅಮೆರಿಕದ ಒಂಬತ್ತನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ 2018ರ ಆಗಸ್ಟ್‌ನಲ್ಲಿ ಕಾಬ್ಲರ್ ನೆವಾಡ ವಿರುದ್ಧ ಗೊಂಜಾಲೆಸ್ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಚಲನಚಿತ್ರವೊಂದನ್ನು ಅಕ್ರಮವಾಗಿ ಇಳಿಸಿಕೊಂಡ ಐಪಿ ವಿಳಾಸ ಆರೈಕೆಗೃಹವೊಂದರ ಸಂಪರ್ಕಕ್ಕೆ ಸೇರಿತ್ತು. ಅದನ್ನು ನಿವಾಸಿಗಳೂ ಬಂದುಹೋಗುವವರೂ ಬಳಸಬಹುದಾಗಿತ್ತು. ಸಂಪರ್ಕ ಒಬ್ಬನ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದಷ್ಟರಿಂದಲೇ ಅವನೇ ಕೃತ್ಯ ಎಸಗಿದನೆಂಬ ಆರೋಪ ನಿಲ್ಲದು ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಭಾರತದಲ್ಲಿ ಈ ವಿಚಾರ ಪುರಾವೆಯ ಹೊಣೆಗೆ ಸಂಬಂಧಿಸುತ್ತದೆ. ‘ನಿನ್ನ ಸಂಪರ್ಕವನ್ನು ಯಾರು ಬಳಸಿದರೆಂದು ನೀನೇ ಹೇಳು’ ಎಂದು ಆರೋಪಿಯನ್ನು ಕೇಳುವುದು ಸಹಜವೆನಿಸಬಹುದು. ಒಬ್ಬನ ವಿಶೇಷ ಅರಿವಿನಲ್ಲಿರುವ ಸಂಗತಿಯನ್ನು ಅವನೇ ರುಜುವಾತುಪಡಿಸಬೇಕೆಂಬ ನಿಯಮವೂ ಸಾಕ್ಷ್ಯ ಕಾನೂನಿನಲ್ಲಿದೆ. ಆದರೆ 1956ರ ಶಂಭುನಾಥ ಮೆಹ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಈ ನಿಯಮ ಅಭಿಯೋಜನೆಯನ್ನು ಅದರ ಮೂಲ ಹೊಣೆಯಿಂದ ಬಿಡುಗಡೆ ಮಾಡುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಅರವತ್ತು ಮನೆಗಳು ಹಂಚಿಕೊಂಡ ಸಂಖ್ಯೆಯ ಮುಂದೆ ನಿಂತ ಗ್ರಾಹಕನಿಗೆ ಉಳಿದವರ ವಿಷಯದಲ್ಲಿ ಯಾವ ವಿಶೇಷ ಅರಿವೂ ಇರಲಾರದು.

ಪ್ರಮಾಣಪತ್ರದ ಮಿತಿ

ವಿದ್ಯುನ್ಮಾನ ದಾಖಲೆಯ ಸ್ವೀಕಾರಾರ್ಹತೆಯನ್ನು ಕುರಿತು ಭಾರತದ ಕಾನೂನು ದೀರ್ಘವಾಗಿ ಚರ್ಚಿಸಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಮೂಲಕ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಂ ಸೇರಿತು. ಕಂಪ್ಯೂಟರ್ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರ ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರ ಅನ್ವರ್ ಪ್ರಕರಣದಲ್ಲಿ ಹೇಳಿತು. ನಡುವೆ ಭಿನ್ನ ಅಭಿಪ್ರಾಯಗಳು ಬಂದರೂ, 2020ರ ಜುಲೈ 14ರಂದು ಅರ್ಜುನ ಪಂಡಿತರಾವ್ ಖೋತಕರ್ ಪ್ರಕರಣದಲ್ಲಿ ಅದೇ ನಿಲುವು ಸ್ಥಿರಗೊಂಡಿತು. ಮಹಾರಾಷ್ಟ್ರದ ಜಾಲನಾ ವಿಧಾನಸಭಾ ಕ್ಷೇತ್ರದ ಚುನಾವಣಾ ತಕರಾರಿನಿಂದ ಹುಟ್ಟಿದ ಆ ತೀರ್ಪು, ತನಿಖೆಗೆ ಒಳಪಟ್ಟ ಅವಧಿಯ ದಾಖಲೆಗಳನ್ನು ದೂರಸಂಪರ್ಕ ಮತ್ತು ಅಂತರ್ಜಾಲ ಸೇವಾ ಸಂಸ್ಥೆಗಳು ಪ್ರತ್ಯೇಕವಾಗಿ, ಸುರಕ್ಷಿತವಾಗಿ ಕಾಯ್ದಿಡಬೇಕೆಂದೂ ನಿರ್ದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಮಾಣಪತ್ರವನ್ನು ಎರಡು ಭಾಗಗಳಲ್ಲಿ ಬಯಸುತ್ತದೆ: ಒಂದು ದಾಖಲೆ ಹಾಜರುಪಡಿಸುವವರಿಂದ, ಇನ್ನೊಂದು ತಜ್ಞರಿಂದ. ದಾಖಲೆ ತಿದ್ದುಪಡಿಯಾಗಿಲ್ಲವೆಂದು ಪರೀಕ್ಷಿಸಲು ನೆರವಾಗುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು.

ಇವೆಲ್ಲ ಅಗತ್ಯವಾದ ರಕ್ಷಣೆಗಳು. ಆದರೆ ಪ್ರಮಾಣಪತ್ರ ಉತ್ತರಿಸುವ ಪ್ರಶ್ನೆ ಬೇರೆ. ಈ ಕಾಗದದಲ್ಲಿರುವುದು ಆ ಯಂತ್ರದಲ್ಲಿದ್ದುದೇ ಎಂಬುದಕ್ಕೆ ಅದು ಉತ್ತರ. ಯಂತ್ರಕ್ಕೆ ಕೇಳಿದ ಪ್ರಶ್ನೆ ಸರಿಯಾಗಿತ್ತೇ ಎಂಬುದಕ್ಕಲ್ಲ. ಪುಣೆ ಪ್ರಕರಣದಲ್ಲಿ ತಪ್ಪಾದ ಒಂದೂಕಾಲಿಗೆ ಸಂಬಂಧಿಸಿದ ದಾಖಲೆಯನ್ನು ತೆಗೆದು ಅದಕ್ಕೆ ನಿರ್ದುಷ್ಟವಾದ ಪ್ರಮಾಣಪತ್ರವನ್ನು ಲಗತ್ತಿಸಿದ್ದರೂ ಬಂಧಿತ ವ್ಯಕ್ತಿಯ ಸ್ಥಿತಿ ಬದಲಾಗುತ್ತಿರಲಿಲ್ಲ. ಸ್ವೀಕಾರಾರ್ಹತೆ ಮತ್ತು ಸಾಕ್ಷ್ಯಬಲ ಒಂದೇ ಅಲ್ಲ ಎಂಬ ಹಳೆಯ ವಿವೇಕ ಇಲ್ಲಿ ಮತ್ತೆ ನೆನಪಾಗಬೇಕು.

ಹಾಗೆಂದು ಐಪಿ ವಿಳಾಸ ನಿರುಪಯುಕ್ತವೆನ್ನಲಾಗದು. ಒಂದು ಖಾತೆಗೆ ಹಲವು ದಿನಗಳ ಕಾಲ ಹಗಲು ಕಚೇರಿಯ ಸಂಪರ್ಕದಿಂದಲೂ ರಾತ್ರಿ ಮನೆಯ ಸಂಪರ್ಕದಿಂದಲೂ ಪ್ರವೇಶವಾಗಿದ್ದು, ಆ ಎರಡೂ ಸ್ಥಳಗಳಲ್ಲಿ ಇರಬಹುದಾದ ವ್ಯಕ್ತಿ ಒಬ್ಬನೇ ಆಗಿದ್ದು, ವಶಪಡಿಸಿಕೊಂಡ ಸಾಧನದಲ್ಲಿ ಆ ಖಾತೆಯ ಕುರುಹುಗಳು ದೊರೆತಿದ್ದರೆ, ಎಲ್ಲವೂ ಕೂಡಿ ಬಲವಾದ ಸಾಂದರ್ಭಿಕ ಸಾಕ್ಷ್ಯವಾಗುತ್ತವೆ. ಅದೇ ಸಂಖ್ಯೆ ಆರೋಪಿಯ ಪರವಾಗಿಯೂ ನುಡಿಯಬಲ್ಲದು. ತನಿಖೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತೋರಿಸುವ ಕೈಮರವಾಗಿ ಅದರ ಬೆಲೆ ದೊಡ್ಡದು. ಕೈಮರವನ್ನೇ ಊರೆಂದು ತಿಳಿದಾಗ ಮಾತ್ರ ಅನರ್ಥ.

ಅನುವಾದದ ಹೊಣೆ

ಸೊಲ್ಲಾಪುರ ಜಿಲ್ಲೆಯ ನ್ಯಾಯಾಲಯಗಳಲ್ಲಿ ವ್ಯವಹಾರದ ಭಾಷೆ ಮರಾಠಿ. ಸೇವಾ ಸಂಸ್ಥೆಗಳ ದಾಖಲೆ ಇಂಗ್ಲಿಷಿನಲ್ಲಿ. ಆರೋಪಿಯೋ ಸಾಕ್ಷಿಯೋ ಮನೆಯಲ್ಲಿ ಆಡುವುದು ಕನ್ನಡ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಬಂದಾಗ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕೆಂದು ದಂಡ ಪ್ರಕ್ರಿಯೆಯ ಕಾನೂನು ವಿಧಿಸುತ್ತದೆ. ಈ ಮೂರು ಭಾಷೆಗಳ ನಡುವೆ ತಾಂತ್ರಿಕ ಪದವೊಂದು ದಾಟುವಾಗ ಅದರ ಹಿಂದಿನ ಷರತ್ತುಗಳು ಉದುರಿಹೋಗುವ ಸಂಭವವಿದೆ.

ಸೇವಾ ಸಂಸ್ಥೆಯ ಉತ್ತರದಲ್ಲಿ ‘ಇಂಥ ತಾರೀಖು, ಇಂಥ ಸಮಯದಲ್ಲಿ, ಇಂಥ ಪೋರ್ಟಿನೊಡನೆ ಈ ಐಪಿ ವಿಳಾಸವು ಇಂಥವರ ಹೆಸರಿನ ಸಂಪರ್ಕಕ್ಕೆ ನೀಡಲ್ಪಟ್ಟಿತ್ತು’ ಎಂದಿರಬಹುದು. ಅದು ಪಂಚನಾಮೆಯಲ್ಲೋ ದೋಷಾರೋಪ ಪಟ್ಟಿಯಲ್ಲೋ ‘ಆರೋಪಿಯ ಐಪಿ ಪತ್ತಾ’ ಎಂದು ಸಂಕ್ಷೇಪಗೊಂಡರೆ, ನ್ಯಾಯಾಲಯ ನಿರ್ಣಯಿಸಬೇಕಾದ ಪ್ರಶ್ನೆಯನ್ನು ಒಂದು ಷಷ್ಠೀ ವಿಭಕ್ತಿಯೇ ನಿರ್ಣಯಿಸಿಬಿಟ್ಟಂತಾಗುತ್ತದೆ. ಕನ್ನಡಕ್ಕೆ ಬರುವಾಗ ‘ಪತ್ತೆಯಾದ ವಿಳಾಸ’ ಎಂದಾದರೆ ಸಂಶಯಕ್ಕಿದ್ದ ಕೊನೆಯ ಎಡೆಯೂ ಮುಚ್ಚುತ್ತದೆ. ಪರಿಭಾಷೆಯನ್ನು ರೂಪಿಸುವವರೂ ನ್ಯಾಯಾಲಯದ ದುಭಾಷಿಗಳೂ ‘ವಿಳಾಸ’ ಎಂಬ ರೂಢಿಯ ಪದವನ್ನು ಬಿಡಬೇಕಾಗಿಲ್ಲ. ಆದರೆ ಅದನ್ನು ವ್ಯಕ್ತಿಗೆ ಹಚ್ಚದೆ ಸಂಪರ್ಕಕ್ಕೆ ಹಚ್ಚಿ ಹೇಳುವುದು, ಸಮಯದೊಂದಿಗೆ ಕಾಲಮಾನವನ್ನೂ ಹಗಲು ರಾತ್ರಿಯ ಭೇದವನ್ನೂ ಬಿಡದೆ ಬರೆಯುವುದು, ‘ಹೆಸರಿನಲ್ಲಿರುವ’ ಮತ್ತು ‘ಬಳಸಿದ’ ಎಂಬ ಎರಡು ಕೃದಂತಗಳನ್ನು ಬೆರೆಸದಿರುವುದು ಅವರಿಂದ ಸಾಧ್ಯವಾದ ಕೆಲಸ. ಬೆಂಗಳೂರಿನ ಆ ನೌಕರರ ಐವತ್ತು ದಿನಗಳು ನಿಂತಿದ್ದುದು ಇಂಥದೊಂದು ಬಿಟ್ಟುಹೋದ ವಿವರದ ಮೇಲೆಯೇ.